ಮಗ್ಗದ ಗುಂಡಿಗಿಳಿದ ಫ್ರಿಜ್

ಫ್ರಿಜ್ಜನ್ನು ಮಲಗಿಸಿ ಸಾಗಿಸಬಾರದು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಕೊಳ್ಳೇಗಾಲದ ನೇಕಾರರ ಬೀದಿಯ ತಿರುವಿನಲ್ಲಿ ಮಲಗಿದ್ದ ಎಮ್ಮೆಗೆ ಗೊತ್ತಿರಲಿಲ್ಲ. ನಮ್ಮ ಸ್ಕೂಟರ್ ಹತ್ತಿರ ಬರುವವರೆಗೂ ಕಲ್ಲಿನ ಬಸವನ ಹಾಗೆ ಬಿದ್ದಿದ್ದ ಆ ಮಹಾತಾಯಿ, ಸರಿಯಾಗಿ ನಾವು ಪಕ್ಕಕ್ಕೆ ಬಂದಾಗ ಎದ್ದು ನಿಂತಳು. ಮಾವ ಬ್ರೇಕ್ ಹಾಕಿದರು. ಹಿಂದೆ ಕೂತಿದ್ದ ನಾನು ಬಿದ್ದೆ, ನನ್ನ ಮೇಲೆ ಫ್ರಿಜ್ ಬಿತ್ತು, ಅದರ ಮೇಲೆ ಎಮ್ಮೆಯ ಬಾಲ ಬಿತ್ತು.

"ಡಬ್ಬಕ್ಕೆ ಏನಾರ ಆಯ್ತೇನ್ಲಾ?" ಎಂದರು ಮಾವ. ನನಗೆ ಏನಾದರೂ ಆಯಿತೇ ಎಂದು ಅವರು ಇವತ್ತಿನವರೆಗೂ ಕೇಳಿಲ್ಲ.

ಮಾವನದು ಬಸ್‌ಸ್ಟ್ಯಾಂಡಿನ ಹಿಂದೆ ಫ್ರಿಜ್ ರಿಪೇರಿ ಅಂಗಡಿ. ಪಿಯುಸಿ ಪರೀಕ್ಷೆ ಮುಗಿಸಿ, ಫಲಿತಾಂಶ ಬರುವ ತನಕ ಶಾಗ್ಯದ ನಮ್ಮ ಮನೆಯಲ್ಲಿ ಅಪ್ಪನ ಕಣ್ಣಿಗೆ ಬೀಳುವುದು ಬೇಡವೆಂದು ನಾನು ಇಲ್ಲಿಗೆ ಬಂದಿದ್ದೆ. ಅಂಗಡಿಯಲ್ಲಿ ನಾನು ಸೀನಿಯರ್ ಟೆಕ್ನಿಷಿಯನ್. ಜೂನಿಯರ್ ಅಂತ ಯಾರೂ ಇಲ್ಲ, ಅದು ಬೇರೆ ವಿಷಯ.

ಆ ದಿನದ ಫ್ರಿಜ್ ಚಿಕ್ಕದು. ಮದುವೆ ಮನೆಯ ಸೂಟ್‌ಕೇಸಿನಷ್ಟು. ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ಎರಡು ಕಡೆ ಹಿಡಿ, ಕರೆಂಟು ಹೋದರೆ ಬ್ಯಾಟರಿಗೂ ಸಿಕ್ಕಿಸಬಹುದು. ಯಳಂದೂರಿನ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಅದನ್ನು ತನ್ನ ಅಮ್ಮನ ಇನ್ಸುಲಿನ್‌ಗಾಗಿ ಕೊಂಡಿದ್ದರು. ಆ ಅಮ್ಮ, ನನ್ನ ಲೆಕ್ಕಕ್ಕೆ ಅಜ್ಜಿ, ಕೊಳ್ಳೇಗಾಲದ ಆ ನೇಕಾರರ ಬೀದಿಯಲ್ಲಿ ಒಬ್ಬರೇ. ಅದುವರೆಗೆ ಅವರ ಔಷಧ ಪಕ್ಕದ ಮನೆಯವರ ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಜೊತೆ ಸಂಸಾರ ಮಾಡುತ್ತಿತ್ತು. ಯಾರೋ ಪುಣ್ಯಾತ್ಮರು ಇನ್ನೂ ತಂಪಾಗಿರಲಿ ಎಂದು ಐಸ್ ಆಗುವ ಖಾನೆಗೆ ಹಾಕಿದ್ದರು. ಹೆಪ್ಪುಗಟ್ಟಿದ ಇನ್ಸುಲಿನ್ ಆಮೇಲೆ ಕರಗಿದರೂ ಕೆಲಸಕ್ಕೆ ಬರುವುದಿಲ್ಲ. ಅಜ್ಜಿ ಅದನ್ನೇ ಚುಚ್ಚಿಕೊಂಡು, ತಲೆ ತಿರುಗಿ ಬಿದ್ದು, ಆಸ್ಪತ್ರೆ ಸೇರಿ ಬಂದಿದ್ದರು. "ಇನ್ನೊಂದ್ ಸಲ ಅಂಗಾದ್ರೆ ಕಷ್ಟ" ಎಂದು ಡಾಕ್ಟರು ಅಕ್ಕನಿಗೆ ಹೇಳಿದ್ದರಂತೆ.

ಫ್ರಿಜ್ ಒಮ್ಮೆ ಮಲಗಿಬಿಟ್ಟರೆ ಕಂಪ್ರೆಸರ್ ಒಳಗಿನ ಎಣ್ಣೆ ಪೈಪಿಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ, ಎಣ್ಣೆ ಕೆಳಗಿಳಿಯುವ ತನಕ ಗಂಟೆಗಟ್ಟಲೆ ಕಾಯಬೇಕು. ಆತುರಪಟ್ಟು ಸ್ವಿಚ್ ಹಾಕಿದರೆ ಕಂಪ್ರೆಸರ್ ಕತೆ ಮುಗಿಯಿತು.

"ನೀನ್ ಇಲ್ಲೇ ಕುಂತ್ಕ. ನಾನ್ ಅನೂರಿಗ್ ಓಗಿ ಆ ಐಸ್‌ಕ್ರೀಮ್ ಅಂಗಡಿ ಕೆಲ್ಸ ಮುಗಿಸ್ಕ ಬತ್ತೀನಿ. ಸಂಜೆಗಂಟ ಸ್ವಿಚ್ ಮುಟ್ಟುದ್ರೆ ಕೈ ಮುರೀತೀನಿ" ಎಂದು ಹೇಳಿ, ಡಬ್ಬವನ್ನೂ ನನ್ನನ್ನೂ ಅಜ್ಜಿಯ ಮನೆಯಲ್ಲಿ ಇಳಿಸಿ ಮಾವ ಹೊರಟುಹೋದರು.

ಹೀಗೆ ನಾನು ಮತ್ತು ಅಜ್ಜಿ, ನಮ್ಮಿಬ್ಬರ ನಡುವೆ ನೆಟ್ಟಗೆ ನಿಂತ ಒಂದು ಡಬ್ಬ. ಹೆಣ್ಣು ನೋಡಲು ಬಂದವರು ಕೂತಂತೆ ಕೂತೆವು.

ಮನೆಯಲ್ಲಿ ಇದ್ದದ್ದೇ ಒಂದು ದೊಡ್ಡ ಕೋಣೆ. ಅದರ ಮುಕ್ಕಾಲು ಭಾಗ ಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ. ನೇಯುವವರು ಅದರ ಅಂಚಿಗೆ ಕೂತು ಕಾಲನ್ನು ಗುಂಡಿಗೆ ಇಳಿಬಿಟ್ಟು, ಅಲ್ಲಿರುವ ತುಳಿಹಲಗೆಗಳನ್ನು ತುಳಿಯಬೇಕು. ಮಗ್ಗದ ಮೇಲೆ ಹಳೆಯ ಪಂಚೆ ಹೊದಿಸಿತ್ತು. ಅಂಚಿನಿಂದ ಕೆಂಪು ರೇಷ್ಮೆ ಇಣುಕುತ್ತಿತ್ತು. ಸೀರೆ ಅರ್ಧಕ್ಕೇ ನಿಂತಿತ್ತು.

"ಯಾರ್ದಜ್ಜಿ ಇದು?"

"ಅವ್ರುದು" ಎಂದರು ಅಜ್ಜಿ. ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಕೋಲು ಮುಖದ ಒಬ್ಬ ಅಜ್ಜ ಇದ್ದರು. ಮುಚ್ಚಿದ ಅಂಗಡಿಯನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದರು. "ಓದ್ ಮಳೆಗಾಲ್ದಲ್ಲಿ ಊಟಕ್ಕೆ ಅಂತ ಎದ್ರು. ಕೈ ತೊಳ್ಯಕ್ ಓದವ್ರು ಅಲ್ಲೇ ಕುಸುದ್ರು. ಆ ಸೀರೆ ಕುಯ್ಯಕ್ಕೆ ನಾನ್ ಯಾರ್ನೂ ಬಿಟ್ಟಿಲ್ಲ."

"ನೀವೇ ನೇಯ್ಬೋದಿತ್ತಲ್ಲ?"

"ನಮ್ಮನೇಲಿ ಎಂಗಸ್ರು ಗುಂಡಿಗ್ ಇಳಿಯಲ್ಲ ಕಣಪ್ಪ. ನಾನು ಕಂಡಿಕೆ ಸುತ್ತೋಳು. ನೂಲು ಸುತ್ತಿ ಕೊಡದು, ಅವ್ರು ನೇಯದು. ಮದ್ವೆ ಆದಾಗಿಂದ ಕಿವೀಲಿ ಆ ಸದ್ದೊಂದೆ. ಈಗ ನಿಂತೋಗಿ, ಕಿವಿಗೆ ಏನೋ ಕಳ್ದೋದಂಗೆ ಅನ್ನಿಸ್ತದೆ."

ಅಷ್ಟು ಹೇಳಿ ಅವರು ಗುಂಡಿಗೆ ಬಗ್ಗಿ ಮಜ್ಜಿಗೆ ಗಡಿಗೆ ಎತ್ತಿ, ನನಗೊಂದು ಲೋಟ ಕೊಟ್ಟರು. ಬೇಸಿಗೆಯ ನಡುಮಧ್ಯಾಹ್ನ, ಬೀದಿಯಲ್ಲಿ ಡಾಂಬರು ಕರಗುತ್ತಿದೆ, ಆ ಮಜ್ಜಿಗೆ ಮಾತ್ರ ಹಲ್ಲು ಜುಮ್ಮೆನ್ನುವಷ್ಟು ತಂಪು. ವೀಳ್ಯದೆಲೆ, ಕೊತ್ತಂಬರಿ ಸೊಪ್ಪು, ಹೂವು, ಎಲ್ಲಕ್ಕೂ ಅವರ ಮನೆಯಲ್ಲಿ ಅದೇ ಜಾಗ. ಅವರ ಲೆಕ್ಕದಲ್ಲಿ ತಂಪು ಎನ್ನುವುದು ಹುಟ್ಟುವುದೇ ಮಗ್ಗದ ಗುಂಡಿಯಲ್ಲಿ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು, ಮಜ್ಜಿಗೆಯ ಜೊತೆ ನುಂಗಿಬಿಟ್ಟೆ.

ಸಂಜೆ ಮಾವ ಬಂದರು. ಮೊದಲು ಪ್ಲಗ್ ಪಾಯಿಂಟ್ ನೋಡಿದೆವು. ಟೆಸ್ಟ್ ಲ್ಯಾಂಪಿನ ಒಂದು ತಂತಿಯನ್ನು ಕರೆಂಟಿಗೂ ಇನ್ನೊಂದನ್ನು ಅರ್ತಿಂಗ್ ತೂತಿಗೂ ಹಿಡಿದರೆ ಬಲ್ಬು ಹತ್ತಲೇ ಇಲ್ಲ. ಆ ಮೂರನೆಯ ತೂತು ಬರೀ ದೃಷ್ಟಿಬೊಟ್ಟು. ಹಿಂದೆ ತಂತಿಯೇ ಇರಲಿಲ್ಲ. ಮಾವ ಮೇನ್ ಆಫ್ ಮಾಡಿ, ಮೀಟರ್ ಬೋರ್ಡಿನಿಂದ ಹಸಿರು ತಂತಿ ಎಳೆದು ಕೊಟ್ಟರು. ಈ ಸಲ ಬಲ್ಬು ಹತ್ತಿತು.

ಫ್ರಿಜ್ಜನ್ನು ಒಲೆಯಿಂದ ದೂರ, ಬಿಸಿಲು ಬೀಳದ ಗೋಡೆಯ ಹತ್ತಿರ ಮರದ ಮಣೆಯ ಮೇಲೆ ಇಟ್ಟೆವು. ಅಲುಗದಂತೆ ಒಂದು ಮೂಲೆಗೆ ರಟ್ಟು ಕೊಟ್ಟೆ. ಸುತ್ತ ಒಂದು ಗೇಣು ಜಾಗ ಬಿಟ್ಟೆ. ಒಳಗಿನ ಶಾಖವನ್ನು ಹೊರಗೆ ಉಗುಳುವುದೇ ಫ್ರಿಜ್‌ನ ಕೆಲಸ. ಉಗುಳಲು ಜಾಗ ಇಲ್ಲದಿದ್ದರೆ ಅದನ್ನೇ ನುಂಗಬೇಕು. ಇದನ್ನು ನಾನು ಅಜ್ಜಿಗೆ ಎಲೆ ಅಡಿಕೆ ಅಗಿದು ಉಗುಳುವ ಉದಾಹರಣೆ ಕೊಟ್ಟು, ಅಭಿನಯಿಸಿ ತೋರಿಸಿದೆ. ಮಾವ ತಲೆಗೆ ಒಂದು ಕೊಟ್ಟರು. ತಲೆ ಉಜ್ಜಿಕೊಂಡು ನಾನೇ ಮುಂದುವರಿಸಿದೆ.

"ನೋಡಿ ಅಜ್ಜಿ, ಎಕ್ಸ್‌ಟೆನ್ಷನ್ ಬೋರ್ಡು ಬೇಡ. ನೇರ ಗೋಡೆ ಪ್ಲಗ್ಗಿಗೆ. ಬಿಸಿ ಸಾರು, ಬಿಸಿ ಅನ್ನ ಒಳಗೆ ಮಡಗಂಗಿಲ್ಲ. ಔಷ್ದಿ ಡಬ್ಬ ಗೋಡೆಗೆ ತಾಕ್‌ಬಾರ್ದು, ಮಧ್ಯದಲ್ಲಿ ಇರ್ಬೇಕು, ತಾಕುದ್ರೆ ಐಸ್ ಕಟ್ಬುಡ್ತದೆ. ಇವತ್ತು ಬರೀ ನೀರಿನ ಲೋಟ. ಲೋಟದಲ್ಲಿ ಈ ಥರ್ಮಾಮೀಟ್ರು. ಬೆಳಗ್ಗೆ ಅದು ಎರಡ್ರಿಂದ ಎಂಟ್ ಡಿಗ್ರಿ ಒಳಗೆ ತೋರುಸ್ತಾ ನಿಂತಿದ್ರೆ ಆಮೇಲೆ ಔಷ್ದಿ."

"ಉಣ್ಣೋ ಮಗೀಗೂ ಇಷ್ಟು ಚಾಕ್ರಿ ಇಲ್ವಲ್ಲೋ" ಎಂದರು ಅಜ್ಜಿ.

ಬೆಳಗ್ಗೆ ಹೋಗಿ ನೋಡಿದೆ. ನಾಲ್ಕು. ಇನ್ಸುಲಿನ್ ಒಳಗಿಟ್ಟು, ಫ್ರಿಜ್ ಪಕ್ಕ ನಿಂತು ಒಂದು ಸೆಲ್ಫಿ ತೆಗೆದುಕೊಂಡು ಬಂದೆ. ಚಂದ್ರನ ಮೇಲೆ ಕಾಲಿಟ್ಟವರೂ ಅಷ್ಟು ಬೀಗಿರಲಾರರು.

ಕೆಲವು ದಿನ ಕಳೆದ ಮೇಲೆ ಅಂಗಡಿಗೆ ಅಕ್ಕನ ಫೋನ್ ಬಂತು. ಮಾವ ಮೇಜಿನ ಕೆಳಗೆ ಕಂಪ್ರೆಸರ್ ಒಂದನ್ನು ತಬ್ಬಿಕೊಂಡಿದ್ದರಿಂದ ನಾನೇ ಎತ್ತಿದೆ.

"ಅಮ್ಮುಂಗೆ ಮತ್ತೆ ಶುಗರ್ ಏರದೆ ಕಣೋ. ನಾನೂರ್ ದಾಟದೆ. ಔಷ್ದೀಲೇ ಏನೋ ಅದೆ ಅಂದ್ರು ಡಾಕ್ಟ್ರು. ನೀವ್ ಮಡಗಿರೋ ಫ್ರಿಜ್ ಸರಿ ಇಲ್ವಾ?"

"ನಾಲ್ಕು ಡಿಗ್ರಿ ಇತ್ತಕ್ಕಾ, ನಾನೇ ಕಣ್ಣಾರೆ..."

"ಇನ್ನೊಂದು." ಅವರ ದನಿ ಇಳಿಯಿತು. "ಅಪ್ಪ ಮಗ್ಗ ನೇಯ್ತವ್ರೆ ಅಂತವ್ಳೆ ಅಮ್ಮ. ಶುಗರ್ ಏರಿ ತಲೆ ಕೆಟ್ಟದೆ ಅನ್ಕಂಡೆ. ಆದ್ರೆ ಈಗ ನಾನೂ ಇಲ್ಲೇ ಇವ್ನಿ. ನಂಗೂ ಕೇಳುಸ್ತಾದೆ."

ಫೋನಿನಲ್ಲಿ ಹಿಂದಿನಿಂದ, ಬಲು ದೂರದಲ್ಲಿ, ಮರಕ್ಕೆ ಮರ ಬಡಿದಂತೆ ಏನೋ ಕೇಳಿಸಿತು. ಟಕ್.

ನಾನು ದೆವ್ವಕ್ಕೆಲ್ಲ ಹೆದರುವವನಲ್ಲ. ಹಾಗಂತ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. "ಮಾವಾ, ನೀವೂ ಬನ್ನಿ" ಎಂದೆ. "ಒಂದ್ ಪ್ಲಗ್ ನೋಡಕ್ಕೆ ಇಬ್ರು ಬೇಕೇನ್ಲಾ? ಸರಿ ಇಲ್ದಿದ್ರೆ ಎತ್ಕಂಡ್ ಬಾ" ಎಂದರು ಮೇಜಿನ ಕೆಳಗಿನಿಂದ.

ಬೀದಿ ಬಿಸಿಲಿಗೆ ಬಾಯಿ ಮುಚ್ಚಿಕೊಂಡು ಬಿದ್ದಿತ್ತು. ಮೊದಲು ಆ ಬೀದಿಯಲ್ಲಿ ಮಾತಾಡಬೇಕಾದರೆ ಕಿರುಚಬೇಕಿತ್ತಂತೆ, ಅಷ್ಟು ಮಗ್ಗಗಳು. ಈಗ ಒಂದೆರಡು ಮನೆಯಲ್ಲಿ ಮಾತ್ರ. ಅವರೂ ಊಟಕ್ಕೆ ಎದ್ದಿದ್ದರು. ಅಜ್ಜಿಯ ಮನೆಯ ಹತ್ತಿರ ಬರುತ್ತಿದ್ದಂತೆ ಕೇಳಿಸಿತು. ಟಕ್. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಏನೋ ನರಳಿದಂತೆ ಗುಂಯ್ ಎಂದು, ಮತ್ತೆ ಟಕ್.

ಬಾಗಿಲಲ್ಲಿ ಅಕ್ಕ ನಿಂತಿದ್ದರು. ಒಳಗೆ ಹೋಗಲು ನನಗೆ ದಾರಿ ಬಿಟ್ಟರು. ಇಷ್ಟು ಮರ್ಯಾದೆಯಿಂದ ಯಾರೂ ನನಗೆ ದಾರಿ ಬಿಟ್ಟಿರಲಿಲ್ಲ. ನನಗೂ ಅಂಥ ಮರ್ಯಾದೆ ಬೇಕಿರಲಿಲ್ಲ.

ಗೋಡೆಯ ಹತ್ತಿರ ಮಣೆ ಇತ್ತು, ರಟ್ಟು ಇತ್ತು, ಫ್ರಿಜ್ ಇರಲಿಲ್ಲ. ಮಗ್ಗದ ಮೇಲಿನ ಪಂಚೆ ತೆಗೆದಿತ್ತು. ಕೆಂಪು ಸೀರೆ ಅರ್ಧ ಬೆಳಕಿನಲ್ಲಿ ಹೊಳೆಯುತ್ತಿತ್ತು. ಮಗ್ಗದ ಮುಂದೆ ಯಾರೂ ಕೂತಿರಲಿಲ್ಲ. ಪಕ್ಕದಲ್ಲಿ ಅಜ್ಜಿ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಕಂಡಿಕೆ ಸುತ್ತುತ್ತಿದ್ದರು. ತುಟಿ ಒಣಗಿತ್ತು, ಮುಖ ಬಾಡಿತ್ತು, ಆದರೆ ನಗುತ್ತಿದ್ದರು. ನಾನು ನೋಡುತ್ತಿದ್ದ ಹಾಗೇ, ನೂಲು ಹಿಡಿದ ಮರದ ಚೌಕಟ್ಟು ತಾನಾಗಿಯೇ ನಡುಗಿ, ಒಂದಿಷ್ಟು ಮೇಲೆದ್ದು, ಬಿತ್ತು. ಟಕ್.

ನನ್ನ ಬೆನ್ನಿನ ಕೂದಲು ಎದ್ದು ನಿಂತವು. ಬೆನ್ನಿನಲ್ಲಿ ಕೂದಲಿದೆ ಎಂದು ನನಗೆ ಗೊತ್ತಾದದ್ದೇ ಆವತ್ತು. ಓಡಿಹೋಗುತ್ತಿದ್ದೆ, ಆದರೆ ಬಾಗಿಲಲ್ಲಿ ಅಕ್ಕ ಇದ್ದರು. ಆಗ ಕಣ್ಣಿಗೆ ಬಿತ್ತು, ಗೋಡೆಯ ಪ್ಲಗ್ಗಿನಿಂದ ಹಾವಿನಂತೆ ನೆಲದ ಮೇಲೆ ಹರಿದುಹೋಗಿದ್ದ ಬಿಳಿ ವೈರು. ಅದು ಗುಂಡಿಗೆ ಇಳಿದಿತ್ತು.

ಬಗ್ಗಿ ನೋಡಿದೆ. ಗುಂಡಿಯ ತಳದಲ್ಲಿ ನಮ್ಮ ಫ್ರಿಜ್. ಪಕ್ಕದಲ್ಲಿ ಎಕ್ಸ್‌ಟೆನ್ಷನ್ ಬೋರ್ಡು, ಅದಕ್ಕೆ ಒತ್ತಿಕೊಂಡು ಮಜ್ಜಿಗೆ ಗಡಿಗೆ. ಮೂರು ಕಡೆ ಗುಂಡಿಯ ಗೋಡೆ ಫ್ರಿಜ್ಜನ್ನು ಅಪ್ಪಿಕೊಂಡಿತ್ತು. ಮುಚ್ಚಳದ ಮೇಲೆ ಮಗ್ಗದ ತುಳಿಹಲಗೆ ಕೂತಿತ್ತು.

"ಯಾರ್ ಇಳ್ಸುದ್ರು ಅಜ್ಜಿ ಇದ್ನ?"

"ಬೀದಿ ಐಕಳ ಕರ್ದು ಇಳುಸ್ದೆ" ಎಂದರು ಅಜ್ಜಿ ಕಣ್ಣು ತೆರೆಯದೆ. "ಬಿಸಿಲು ಜಾಸ್ತಿ ಆಯ್ತಲ್ಲಪ್ಪ. ನೀನು ಮಡಗಿದ್ ಜಾಗ್ದಲ್ಲಿ ಅದ್ರ ಮೈ ಸುಡ್ತಿತ್ತು. ತಂಪಾಗಿರ್ಲಿ ಪಾಪ ಅಂತ. ಇಳುಸ್ದ್ ದಿನ್ವೇ ಅವ್ರು ಬಂದ್ರು."

ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಗಾಳಿಯಾಡದ ಗುಂಡಿಯಲ್ಲಿ ಫ್ರಿಜ್ ತಾನು ಉಗುಳಿದ ಶಾಖವನ್ನೇ ಉಸಿರಾಡುತ್ತಿತ್ತು. ಕಂಪ್ರೆಸರ್ ಕಾದು, ಸುಟ್ಟುಹೋಗದಂತೆ ತಾನೇ ನಿಲ್ಲುತ್ತಿತ್ತು. ಆರಿದ ಮೇಲೆ ಮತ್ತೆ ಎದ್ದೇಳಲು ಹೊರಟು, ಗುಂಯ್ ಎಂದು ನಡುಗಿ, ಮತ್ತೆ ಸೋಲುತ್ತಿತ್ತು. ಪ್ರತಿ ನಡುಕವೂ ತುಳಿಹಲಗೆಯನ್ನು ಎತ್ತುತ್ತಿತ್ತು. ಹಲಗೆಗೆ ಕಟ್ಟಿದ ಹಗ್ಗ ಮೇಲಿನ ಚೌಕಟ್ಟನ್ನು ಆಡಿಸುತ್ತಿತ್ತು. ತನ್ನ ಔಷಧ ಕೆಡುತ್ತಿರುವ ಸದ್ದಿಗೆ ಅಜ್ಜಿ ಕಂಡಿಕೆ ಸುತ್ತುತ್ತಿದ್ದರು.

ಗಡಿಗೆ ಪಕ್ಕದಲ್ಲಿ ಕರೆಂಟು. ಕೈ ಹಾಕುವ ಮೊದಲು ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಗುಂಯ್ ನಿಂತಿತು. ಕೋಣೆ ಎಷ್ಟು ಮೌನವಾಯಿತೆಂದರೆ ಬೀದಿಯಲ್ಲಿ ಎಮ್ಮೆ ಮೆಲುಕು ಹಾಕುವುದು ಕೇಳಿಸಿತು.

ಅಜ್ಜಿ ಕಣ್ಣು ತೆರೆದರು. "ಯಾಕ್ಲಾ ನಿಲ್ಸ್‌ದೆ ಅವ್ರ್ನ?"

"ಅಜ್ಜಿ, ಅದು ಫ್ರಿಜ್ಜು..."

"ಆಕ್ಲಾ ಪ್ಲಗ್ಗು! ಮನೆಗ್ ಬಂದೋರ್ನ ಎಬ್ಸಿ ಕಳ್ಸಕ್ ನೀನ್ ಯಾವನ್ಲಾ?" ಅವರು ಎದ್ದು ಬಂದು ಗುಂಡಿಯ ಅಂಚಿಗೆ ಅಡ್ಡ ನಿಂತರು.

"ಅಮ್ಮ, ಈ ಔಷ್ದಿ ಕೆಟ್ರೆ ನೀನೂ ಓಯ್ತೀಯ!" ಎಂದರು ಅಕ್ಕ, ಅಳುತ್ತಾ.

"ಓಯ್ತೀನಿ ಬುಡವ್ವ. ಅವ್ರೇ ಕರ್ಯಕ್ ಬಂದವ್ರೆ. ಓಗದೆ ಇರಕ್ಕಾದದ?"

ಇಂಥ ಕಂಪ್ಲೇಂಟಿಗೆ ಏನು ಮಾಡಬೇಕೆಂದು ಫ್ರಿಜ್ ಜೊತೆ ಬಂದ ಪುಸ್ತಕದಲ್ಲಿ ಬರೆದಿರಲಿಲ್ಲ. ಮಾವನಿಗೆ ಫೋನ್ ಮಾಡಿದರೆ "ಎತ್ಕಂಡ್ ಬಾ" ಎನ್ನುತ್ತಾರೆ. ಎತ್ತಿಕೊಂಡು ಹೋಗಬಹುದು, ಅಜ್ಜಿಯನ್ನು ಪಕ್ಕಕ್ಕೆ ಸರಿಸಲು ನನ್ನ ಒಂದು ಕೈ ಸಾಕು. ಆದರೆ ನಾನು ಬೀದಿ ದಾಟುವ ಮೊದಲೇ ಅವರು ಇನ್ನೊಂದು ಏನನ್ನಾದರೂ ಅಲ್ಲಿಗೆ ಇಳಿಸುತ್ತಾರೆ.

"ಸರಿ ಅಜ್ಜಿ, ಪ್ಲಗ್ ಆಕ್ತೀನಿ. ಅದುಕ್ ಮುಂಚೆ ಒಂದ್ಸಲ ಕಾಲು ಇಳಿಬುಡಿ. ಅಜ್ಜ ಕೂತಿರೋ ಜಾಗ ಎಂಗದೆ ನೋಡಿ."

ಅವರು ಹಿಂಜರಿದರು. ಗುಂಡಿಗೆ ಬಗ್ಗಿ ಗಡಿಗೆ ಎತ್ತಿದವರೇ ಹೊರತು, ನೇಯುವವರ ಜಾಗದಲ್ಲಿ ಎಂದೂ ಕೂತವರಲ್ಲ. ಮೆಲ್ಲಗೆ ಅಂಚಿಗೆ ಕೂತು ಒಂದು ಕಾಲು ಇಳಿಬಿಟ್ಟರು. ಥಟ್ಟನೆ ಎಳೆದುಕೊಂಡರು.

ಒಲೆಯೊಳಗೆ ಕಾಲಿಟ್ಟಂತಿತ್ತು ಅದು. ಮಜ್ಜಿಗೆ ಗಡಿಗೆಯ ಹೊರಮೈ ಕೂಡ ಬೆಚ್ಚಗಿತ್ತು. ನಾನು ಫ್ರಿಜ್ ಮುಚ್ಚಳ ಸಂದು ಮಾಡಿ ಥರ್ಮಾಮೀಟರ್ ತೆಗೆದೆ. ಮೂವತ್ತೇಳು. ಫ್ರಿಜ್ ಈಗ ಒಳ್ಳೆಯ ಕಾವು ಪೆಟ್ಟಿಗೆಯಾಗಿತ್ತು. ಕೋಳಿಮೊಟ್ಟೆ ಇಟ್ಟಿದ್ದರೆ ಮರಿ ಆಗುತ್ತಿತ್ತು. ಆ ಜೋಕನ್ನು ಹೇಳಬೇಕೆಂದು ಬಾಯಿ ತೆರೆದೆ. ಅಜ್ಜಿಯ ಮುಖ ನೋಡಿ ಮುಚ್ಚಿದೆ.

"ಗುಂಡಿ ಬಿಸಿ ಆಗದೆ" ಎಂದರು ಅವರು, ತಮಗೇ ಹೇಳಿಕೊಂಡಂತೆ. "ಅವ್ರ್ ಇದ್ದಾಗ ಒಂದಿನಾನೂ ಬಿಸಿ ಆಗಿರ್ಲಿಲ್ಲ." ಆಮೇಲೆ ಗುಂಡಿಯ ಅಂಚಿನಿಂದ ಪಕ್ಕಕ್ಕೆ ಸರಿದು, "ಎತ್ಲಾ" ಎಂದರು.

ಅಕ್ಕ ಒಂದು ಹಿಡಿ, ನಾನೊಂದು ಹಿಡಿ. ಓರೆಯಾಗದಂತೆ ನೆಟ್ಟಗೆ ಎತ್ತಿ ಮಣೆಯ ಮೇಲೆ ಕೂರಿಸಿದೆವು. ಅದು ಆರಿ ಸುಧಾರಿಸಿಕೊಳ್ಳುವ ತನಕ ಸ್ವಿಚ್ ಹಾಕುವಂತಿರಲಿಲ್ಲ. ಕೆಟ್ಟ ಇನ್ಸುಲಿನ್ ಎಲ್ಲವನ್ನೂ ಬೇರೆ ಚೀಲಕ್ಕೆ ಹಾಕಿದೆ. ಹೊಸದನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲಿ ತರಲು ಅಕ್ಕ ಮೆಡಿಕಲ್ಸಿಗೆ ಓಡಿದರು. ಐಸಿನ ಮೈಗೆ ಔಷಧ ತಾಕದಂತೆ ಬಟ್ಟೆ ಸುತ್ತಿಸಬೇಕೆಂದು ಕೂಗಿ ಹೇಳಿದೆ.

ಮತ್ತೆ ನಾನು, ಅಜ್ಜಿ, ನಡುವೆ ನೆಟ್ಟಗೆ ನಿಂತ ಡಬ್ಬ. ಆದರೆ ಈ ಸಲ ಆ ಮೌನದಲ್ಲಿ ಕೂರಲು ಆಗುತ್ತಿರಲಿಲ್ಲ. ಅಜ್ಜಿ ಕೈಯಲ್ಲಿ ಕಂಡಿಕೆ ಹಾಗೇ ಇತ್ತು. ಖಾಲಿ ಮಗ್ಗವನ್ನು ಅವರು ನೋಡುತ್ತಿದ್ದ ರೀತಿ ನೋಡಿದರೆ, ಆ ಗೋಡೆಯ ಮೇಲೆ ಇನ್ನೊಂದು ಫೋಟೋಗೂ ಹಾರ ಹಾಕಬೇಕಾದೀತು ಅನಿಸಿತು. ಫೋಟೋದ ಅಜ್ಜ ನನ್ನನ್ನೇ ನೋಡುತ್ತಿದ್ದರು.

ನಾನು ಚಪ್ಪಲಿ ಬಿಟ್ಟು, ಮಗ್ಗಕ್ಕೆ ಕೈ ಮುಗಿದು, ಗುಂಡಿಗೆ ಕಾಲು ಇಳಿಬಿಟ್ಟೆ. ಕೂತ ಹಲಗೆ ಬೇರೆ ಯಾರದೋ ಅಂಡಿಗೆ ಸವೆದಿತ್ತು. ಅದರಲ್ಲಿ ನನ್ನದು ಸರಿಯಾಗಿ ಕೂರಲಿಲ್ಲ, ಒಬ್ಬರ ತೊಡೆಯ ಮೇಲೆ ಕೂತಂತಿತ್ತು. ನಾನು ಅಲುಗಾಡದೆ ಉಸಿರು ಹಿಡಿದೆ.

"ಏನ್ಲಾ ಮಾಡೀಯೆ?"

"ಸದ್ದು ಬೇಕಲ್ಲ ಅಜ್ಜಿ? ಮಾಡ್ಕೊಡ್ತೀನಿ. ಹೇಳ್ಕೊಡಿ."

ಬಯ್ಯುತ್ತಾರೆ ಅಂದುಕೊಂಡೆ. ಅವರು ಎದ್ದು ಬಂದು, ಕೈಯಲ್ಲಿದ್ದ ಕಂಡಿಕೆಯನ್ನು ಲಾಳಿಯೊಳಗೆ ಸೇರಿಸಿ ಕೊಟ್ಟರು. ಇಲ್ಲಿ ತುಳಿ, ಇಲ್ಲಿ ಎಸೆ, ಇದನ್ನ ಎಳೆದು ಬಡಿ. ನಾನು ತುಳಿದೆ, ಎಸೆದೆ. ಲಾಳಿ ಅರ್ಧ ದಾರಿಯಲ್ಲೇ ನಿದ್ದೆ ಹೋಯಿತು. ಎಬ್ಬಿಸಿ ಮತ್ತೆ ಎಸೆದೆ, ಕೆಳಗೆ ಬಿತ್ತು. ಎಮ್ಮೆಯನ್ನು ಕೂರಿಸಿದ್ದರೂ ನನಗಿಂತ ಚೆನ್ನಾಗಿ ನೇಯುತ್ತಿತ್ತು. ಕೊನೆಗೆ ಹೇಗೋ ಒಂದು ಎಳೆ ದಾಟಿತು. ಎಳೆಯನ್ನು ಒತ್ತಿ ಕೂರಿಸುವ ಬಡಿಹಲಗೆ ಎಳೆದು ಬಡಿದೆ. ಟಕ್.

"ಒಂದಲ್ಲ ಕಣ್ಲಾ" ಎಂದರು ಅಜ್ಜಿ ಒಡನೆಯೇ. "ಎರಡು. ಮೊದ್ಲು ಜೋರಾಗಿ, ಆಮೇಕೆ ಮೆಲ್ಲಗೆ. ಇಡೀ ಬೀದೀಲಿ ಅಂಗೆ ಬಡೀತಿದ್ದೋರು ಅವ್ರು ಒಬ್ರೆಯ. ಕೆರೆ ಹತ್ರ ನಿಂತಿದ್ರೂ ಗುರ್ತು ಸಿಕ್ತಿತ್ತು ನಂಗೆ." ಹೇಳಿ ನಿಲ್ಲಿಸಿದರು. ಮಣೆಯ ಮೇಲಿನ ಫ್ರಿಜ್ ಕಡೆ ಒಮ್ಮೆ ನೋಡಿದರು. ಅದು ದಿನವಿಡೀ ಒಂದೇ ಒಂದು ಬಡಿಯುತ್ತಿತ್ತು. ನಾನು ಮತ್ತೆ ಲಾಳಿ ಎಸೆದೆ.

ಅಕ್ಕ ಬರುವ ತನಕ ನಾನು ಕೆಲವು ಎಳೆ ನೇಯ್ದೆ. ಅಷ್ಟು ಸೊಗಸಾದ ಕೆಂಪು ಸೀರೆಯ ನಡುವೆ ಅದು ಇಲಿ ಓಡಾಡಿದ ಹಾಗಿತ್ತು. ಮೆಲ್ಲಗಿನ ಪೆಟ್ಟು ನನಗೆ ಕೊನೆಗೂ ಬರಲಿಲ್ಲ. ಜೋರಾಗಿ ಹೊಡೆಯುವುದು ಯಾರಿಗಾದರೂ ಬರುತ್ತದೆ. ಸಂಜೆ ಫ್ರಿಜ್ ಹಾಕಿದೆವು. ಅದು ಬದುಕಿತ್ತು. ನೀರಿನ ಲೋಟ, ಥರ್ಮಾಮೀಟರ್, ಎಲ್ಲ ಮೊದಲಿನಿಂದ. ಎಕ್ಸ್‌ಟೆನ್ಷನ್ ಬೋರ್ಡನ್ನು ಅಕ್ಕ ತಮ್ಮ ಚೀಲಕ್ಕೆ ಹಾಕಿಕೊಂಡರು.

ಫಲಿತಾಂಶ ಬರುವ ಮುಂಚೆ ಮಾವ ನನ್ನನ್ನು ಮತ್ತೊಮ್ಮೆ ಅಲ್ಲಿಗೆ ಕಳಿಸಿದರು, ಫ್ರಿಜ್ ಹೇಗಿದೆ ನೋಡಿ ಬರಲು. ನಡುಮಧ್ಯಾಹ್ನವೇ. ತಿರುವಿನಲ್ಲಿ ಎಮ್ಮೆಗೆ ಸಾಕಷ್ಟು ಗೌರವ ಕೊಟ್ಟು ದೂರದಿಂದ ಸುತ್ತಿ ಬಂದೆ. ಸ್ಕೂಟರ್ ಆರಿಸಿದಾಗ ಕೇಳಿಸಿತು, ಅಜ್ಜಿಯ ಮನೆಯಿಂದ. ಒಂದು ಜೋರು, ಒಂದು ಮೆಲ್ಲಗೆ. ಒಂದು ಜೋರು, ಒಂದು ಮೆಲ್ಲಗೆ. ತಡವರಿಕೆ ಇಲ್ಲ.

ಮತ್ತೆ ಗುಂಡಿಗೆ ಇಳಿಸಿದರಾ? ಆದರೆ ಫ್ರಿಜ್ ಹೀಗೆ ಬಡಿಯುವುದಿಲ್ಲ. ಬೆನ್ನಿನ ಕೂದಲಿಗೆ ಈಗ ಅಭ್ಯಾಸವಾಗಿತ್ತು, ತಾವಾಗಿಯೇ ಎದ್ದವು. ಬಾಗಿಲು ತಳ್ಳಿದೆ. ಸದ್ದು ನಿಂತಿತು.

ಮಗ್ಗದಲ್ಲಿ ಅಜ್ಜಿ ಕೂತಿದ್ದರು. ಉಟ್ಟ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಕಾಲು ಗುಂಡಿಗೆ ಇಳಿಬಿಟ್ಟಿದ್ದರು. ಮುಖ ತುಂಬಿಕೊಂಡಿತ್ತು.

"ಯಾಕ್ಲಾ ಅಂಗ್ ನಿಂತ್ಕಂಡೆ, ದೆವ್ವ ಕಂಡೋನಂಗೆ?"

"ಎಂಗಸ್ರು ಇಳಿಯಲ್ಲ ಅಂದಿದ್ರಿ?"

"ನೀನ್ ಇಳಿಬೋದಂತೆ, ನಾನ್ ಇಳಿಬಾರ್ದಾ? ನಿನ್ ಎಳೆಗಳ್ನ ನೋಡಿ ನೋಡಿ ಒಟ್ಟೆ ಉರೀತಿತ್ತು. ಮುಗಿಸ್ಬುಡವಾ ಅಂತ ಕುಂತೆ."

ನನ್ನ ಇಲಿದಾರಿ ಅಲ್ಲೇ ಇತ್ತು, ಬಿಚ್ಚಿರಲಿಲ್ಲ. ಅದರಾಚೆ ಹೊಸ ನೇಯ್ಗೆ ಒಂದು ಮೊಳದಷ್ಟು ಬೆಳೆದಿತ್ತು. ಮೊದಲು ಸೊಟ್ಟ, ಆಮೇಲೆ ಕಡಿಮೆ ಸೊಟ್ಟ, ಆಮೇಲೆ ಗೆರೆ ಹೊಡೆದಂತೆ ನೇರ.

ಫ್ರಿಜ್ ಮಣೆಯ ಮೇಲಿತ್ತು, ಸುತ್ತ ಗೇಣು ಜಾಗ. ಮುಚ್ಚಳ ತೆರೆದೆ. ಐದು ಡಿಗ್ರಿ. ಔಷಧ ಮಧ್ಯದಲ್ಲಿ. ಶುಗರ್ ಇಳಿದಿದೆ, ಡಾಕ್ಟರು ಬೆನ್ನು ತಟ್ಟಿದರು ಎಂದರು ಅಜ್ಜಿ.

"ಬಾಳ ಚೆನ್ನಾಗ್ ಬಡೀತೀರಿ ಅಜ್ಜಿ. ಅಜ್ಜಂದೇ ಕೈ. ಬೀದಿಗಂಟ ಕೇಳ್ತು, ಜೋರಿಂದೂ ಮೆಲ್ಲಗಿಂದೂ."

ಅಜ್ಜಿ ಲಾಳಿ ಕೈಯಲ್ಲಿ ಹಿಡಿದು ನಕ್ಕರು. "ತಮಾಸೆ ಮಾಡ್ಬೇಡ ಕಣ್ಲಾ. ನಂಗಿನ್ನೂ ಜೋರಿಂದ್ ಒಂದೇಯ ಬರದು. ಮೆಲ್ಲಗಿಂದು ಎಷ್ಟ್ ಬಡುದ್ರೂ ಕೈಗ್ ಅತ್ತಿಲ್ಲ."

ನಾನು ಫೋಟೋ ಕಡೆ ನೋಡಲಿಲ್ಲ. ಮುಚ್ಚಳ ಭದ್ರವಾಗಿ ಮುಚ್ಚಿದೆ, ಪ್ಲಗ್ ಒಮ್ಮೆ ಒತ್ತಿ ನೋಡಿದೆ, ಕಾಫಿ ಬೇಡ ಎಂದೆ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಒಳಗೆ ಮತ್ತೆ ಶುರುವಾಯಿತು. ಒಂದು ಜೋರು.

ಎರಡನೆಯದಕ್ಕೆ ಕಾಯದೆ ಸ್ಕೂಟರ್ ಕಿಕ್ ಹೊಡೆದೆ.